ಲೆಕ್ಕಪತ್ರಗಳಿಗೊಂದು ಸಮಾನ ಭಾಷೆ: ಎಕ್ಸ್‌ಬಿಆರ್‌ಎಲ್ ಪದ್ಧತಿಯ ಪಾಠ

ಸಾಲದ ಮೇಲೆ ಮಾರಿದ ಸರಕಿನ ಬಾಕಿಯನ್ನು ಉತ್ತರ ಕರ್ನಾಟಕದ ಅಂಗಡಿಗಳ ಖಾತೆ ಪುಸ್ತಕಗಳಲ್ಲಿ ‘ಉದ್ರಿ’ ಎಂದು ಬರೆಯುವ ರೂಢಿಯಿದೆ. ವಾಣಿಜ್ಯಶಾಸ್ತ್ರದ ಕನ್ನಡ ಪಠ್ಯಪುಸ್ತಕಗಳು ಆ ಬಾಕಿದಾರರನ್ನು ‘ಋಣಿಗಳು’ ಎಂದು ಕರೆಯುತ್ತವೆ. ಕಾರ್ಖಾನೆಯ ಲೆಕ್ಕಿಗರ ಬಾಯಲ್ಲಿ ಅದು ‘ಸಂಡ್ರಿ ಡೆಟರ್ಸ್’. 2013ರ ಕಂಪನಿ ಕಾಯ್ದೆಯ 3ನೇ ಷೆಡ್ಯೂಲಿನಲ್ಲಿ ‘ಟ್ರೇಡ್ ರಿಸೀವಬಲ್ಸ್’. ಹೆಸರು ನಾಲ್ಕಾದರೂ ವಸ್ತು ಒಂದೇ ಎಂಬುದು ಲೆಕ್ಕ ಬಲ್ಲ ಯಾರಿಗಾದರೂ ತಿಳಿಯುತ್ತದೆ. ಆದರೆ ಗಣಕಯಂತ್ರಕ್ಕೆ ಅದು ತಾನಾಗಿ ತಿಳಿಯದು. ಕಾಗದದ ಮೇಲೆ ಅಥವಾ ಪಿಡಿಎಫ್ ಕಡತದಲ್ಲಿ ಅಚ್ಚಾದ 6,84,25,000 ಎಂಬ ಸಂಖ್ಯೆಯು ಯಂತ್ರದ ಪಾಲಿಗೆ ಕೇವಲ ಅಂಕಿಗಳ ಸಾಲು. ಅದು ಬಾಕಿಯೋ ದಾಸ್ತಾನೋ, ಈ ವರ್ಷದ್ದೋ ಹಿಂದಿನ ವರ್ಷದ್ದೋ, ರೂಪಾಯಿಯೋ ಡಾಲರೋ ಎಂಬುದನ್ನು ಯಾರಾದರೂ ಓದಿ ಮತ್ತೊಮ್ಮೆ ಕೈಯಿಂದ ತುಂಬಬೇಕಾಗುತ್ತದೆ.

ಈ ತೊಡಕನ್ನು ನಿವಾರಿಸಲು ರೂಪುಗೊಂಡ ಪದ್ಧತಿಯೇ ಎಕ್ಸ್‌ಬಿಆರ್‌ಎಲ್, ಅಂದರೆ ‘ಎಕ್ಸ್‌ಟೆನ್ಸಿಬಲ್ ಬಿಸಿನೆಸ್ ರಿಪೋರ್ಟಿಂಗ್ ಲ್ಯಾಂಗ್ವೇಜ್’. ಹಣಕಾಸು ತಃಖ್ತೆಯ ಪ್ರತಿಯೊಂದು ಅಂಕಿಗೂ ಎಲ್ಲರೂ ಒಪ್ಪಿದ ಒಂದು ಗುರುತನ್ನು, ಅಂದರೆ ಟ್ಯಾಗನ್ನು, ಅಂಟಿಸುವುದು ಇದರ ಸಾರ. ದೊಡ್ಡ ಕಂಪನಿಗಳಿಗಷ್ಟೇ ಸಂಬಂಧಿಸಿದ ವಿಷಯವಿದೆಂದು ಅನೇಕ ಸಣ್ಣ ತಯಾರಕರು ಭಾವಿಸುತ್ತಾರೆ. ಷೇರು ಬಂಡವಾಳ ಹೆಚ್ಚಿಸುವ ಒಂದೇ ಒಂದು ನಿರ್ಣಯದಿಂದ ಮಧ್ಯಮ ಗಾತ್ರದ ಖಾಸಗಿ ಕಂಪನಿಯೂ ಇದರ ವ್ಯಾಪ್ತಿಗೆ ಬಂದುಬಿಡಬಹುದು. ಬಂದ ಮೇಲೆ, ಟ್ಯಾಗ್ ಅಂಟಿಸುವ ಕೆಲಸವನ್ನು ಬೆರಳಚ್ಚಿನ ಕೆಲಸವೆಂದು ಬಗೆದು ಹೊರಗಿನವರಿಗೆ ಒಪ್ಪಿಸಿ ಕೈತೊಳೆದುಕೊಳ್ಳುವುದು ಅಪಾಯಕರ. ಯಾವ ಅಂಕಿಗೆ ಯಾವ ಟ್ಯಾಗ್ ಎಂಬುದು ಲೆಕ್ಕಶಾಸ್ತ್ರದ ತೀರ್ಮಾನ. ಅದರ ಹೊಣೆ ಸಹಿ ಹಾಕುವ ನಿರ್ದೇಶಕರದು.

ಹಿನ್ನೆಲೆ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಲೆಕ್ಕಪರಿಶೋಧಕ ಚಾರ್ಲ್ಸ್ ಹಾಫ್‌ಮನ್ ಅವರು 1998ರಲ್ಲಿ, ಆಗತಾನೇ ಬಳಕೆಗೆ ಬಂದಿದ್ದ ಎಕ್ಸ್‌ಎಂಎಲ್ ಎಂಬ ಗಣಕ ಭಾಷೆಯನ್ನು ಹಣಕಾಸು ವರದಿಗಳಿಗೆ ಅನ್ವಯಿಸುವ ವಿಚಾರವನ್ನು ಮುಂದಿಟ್ಟರು. ಅಲ್ಲಿಯ ಲೆಕ್ಕಪರಿಶೋಧಕರ ಸಂಸ್ಥೆ ಅದಕ್ಕೆ ಬೆಂಬಲ ನೀಡಿತು. ಮೊದಲ ಆವೃತ್ತಿ 2000ದಲ್ಲಿಯೂ, ಇಂದಿಗೂ ಆಧಾರವಾಗಿರುವ 2.1ನೇ ಆವೃತ್ತಿ 2003ರಲ್ಲಿಯೂ ಹೊರಬಂದವು. ಅಮೆರಿಕದ ಬ್ಯಾಂಕ್ ನಿಯಂತ್ರಕರು 2005ರಲ್ಲಿ ಬ್ಯಾಂಕುಗಳ ತ್ರೈಮಾಸಿಕ ವರದಿಗಳನ್ನು ಈ ರೂಪದಲ್ಲಿ ಪಡೆಯತೊಡಗಿದರು. ಅಲ್ಲಿಯ ಷೇರುಪೇಟೆ ನಿಯಂತ್ರಕರು 2009ರಿಂದ ಹಂತಹಂತವಾಗಿ ಇದನ್ನು ಕಡ್ಡಾಯಗೊಳಿಸಿದರು. ಬ್ರಿಟನ್ನಿನ ತೆರಿಗೆ ಇಲಾಖೆ 2011ರಿಂದ ಕಂಪನಿಗಳ ತೆರಿಗೆ ವಿವರಗಳೊಡನೆ ಸಲ್ಲಿಸುವ ಲೆಕ್ಕಪತ್ರಗಳಿಗೂ ಇದೇ ಪದ್ಧತಿಯ ಒಂದು ರೂಪವನ್ನು ಅಳವಡಿಸಿತು.

ಭಾರತದಲ್ಲಿ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯವು 2010-11ನೇ ಹಣಕಾಸು ವರ್ಷದ ಲೆಕ್ಕಪತ್ರಗಳಿಂದ ಆರಂಭಿಸಿ, ನಿಗದಿತ ವರ್ಗದ ಕಂಪನಿಗಳಿಗೆ ಈ ಪದ್ಧತಿಯನ್ನು ಕಡ್ಡಾಯ ಮಾಡಿತು. 2013ರ ಕಂಪನಿ ಕಾಯ್ದೆ ಜಾರಿಗೆ ಬಂದ ನಂತರ, 2015ರಲ್ಲಿ ಇದಕ್ಕೆಂದೇ ಪ್ರತ್ಯೇಕ ನಿಯಮಾವಳಿ ಪ್ರಕಟವಾಯಿತು. 2017ರಲ್ಲಿ ಅದು ತಿದ್ದುಪಡಿಗೊಂಡಿತು.

ಯಾರಿಗೆ ಕಡ್ಡಾಯ?

ನಿಯಮಾವಳಿಯ ಪ್ರಕಾರ ಈ ಕೆಳಗಿನ ಕಂಪನಿಗಳು ತಮ್ಮ ಹಣಕಾಸು ತಃಖ್ತೆಗಳನ್ನು ಎಒಸಿ-4 ಎಕ್ಸ್‌ಬಿಆರ್‌ಎಲ್ ನಮೂನೆಯ ಮೂಲಕ ಕಂಪನಿಗಳ ರಿಜಿಸ್ಟ್ರಾರರಿಗೆ ಸಲ್ಲಿಸತಕ್ಕದ್ದು:

1. ಭಾರತದ ಯಾವುದೇ ಷೇರು ವಿನಿಮಯ ಕೇಂದ್ರದಲ್ಲಿ ನೋಂದಾಯಿತವಾದ ಕಂಪನಿಗಳು ಮತ್ತು ಅವುಗಳ ಭಾರತೀಯ ಅಧೀನ ಕಂಪನಿಗಳು.
2. ಪಾವತಿಯಾದ ಷೇರು ಬಂಡವಾಳವು 5 ಕೋಟಿ ರೂಪಾಯಿ ಅಥವಾ ಹೆಚ್ಚಿರುವ ಕಂಪನಿಗಳು.
3. ವಹಿವಾಟು 100 ಕೋಟಿ ರೂಪಾಯಿ ಅಥವಾ ಹೆಚ್ಚಿರುವ ಕಂಪನಿಗಳು.
4. ‘ಇಂಡ್ ಎಎಸ್’ ಎಂಬ ಭಾರತೀಯ ಲೆಕ್ಕ ಮಾನದಂಡಗಳಂತೆ ತಃಖ್ತೆ ಸಿದ್ಧಪಡಿಸಬೇಕಾದ ಕಂಪನಿಗಳು.

ಬ್ಯಾಂಕಿಂಗ್ ಮತ್ತು ವಿಮಾ ಕಂಪನಿಗಳು, ಬ್ಯಾಂಕೇತರ ಹಣಕಾಸು ಕಂಪನಿಗಳು ಹಾಗೂ ಗೃಹಸಾಲ ಕಂಪನಿಗಳಿಗೆ ಇದರಿಂದ ವಿನಾಯಿತಿಯಿದೆ. ಏಕವ್ಯಕ್ತಿ ಮಾಲಿಕತ್ವದ ಅಂಗಡಿ ಅಥವಾ ಪಾಲುದಾರಿಕೆ ಸಂಸ್ಥೆಯು ಕಂಪನಿಯಲ್ಲವಾದ್ದರಿಂದ, ಅದರ ವಹಿವಾಟು ಎಷ್ಟೇ ಇದ್ದರೂ ಈ ನಿಯಮಾವಳಿ ಅನ್ವಯಿಸದು. ವೆಚ್ಚ ಲೆಕ್ಕಪರಿಶೋಧನೆಗೆ ಒಳಪಡುವ ಕಂಪನಿಗಳು ಆ ವರದಿಯನ್ನೂ ಸಿಆರ್‌ಎ-4 ನಮೂನೆಯೊಡನೆ ಇದೇ ರೂಪದಲ್ಲಿ ಸಲ್ಲಿಸಬೇಕು.

ಇಲ್ಲಿ ಎರಡು ಅಂಶಗಳನ್ನು ವಿಶೇಷವಾಗಿ ಗಮನಿಸಬೇಕು. ಮೊದಲನೆಯದಾಗಿ, ಬಂಡವಾಳ ಮತ್ತು ವಹಿವಾಟಿನ ಮಿತಿಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದರೆ ಸಾಕು, ಎರಡೂ ಇರಬೇಕೆಂದಿಲ್ಲ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಯಂತ್ರಭಾಗಗಳನ್ನು ತಯಾರಿಸುವ ಒಂದು ಖಾಸಗಿ ಕಂಪನಿಯನ್ನು ಕಲ್ಪಿಸಿಕೊಳ್ಳಬಹುದು. ಅದರ ವಹಿವಾಟು 38 ಕೋಟಿ, ಪಾವತಿಯಾದ ಬಂಡವಾಳ 4.20 ಕೋಟಿ ರೂಪಾಯಿ. ಬ್ಯಾಂಕಿನ ಸಲಹೆಯಂತೆ ನಿರ್ದೇಶಕರು ತಾವು ಕಂಪನಿಗೆ ಕೊಟ್ಟಿದ್ದ 90 ಲಕ್ಷ ರೂಪಾಯಿಗಳ ಸಾಲವನ್ನು ಷೇರುಗಳಾಗಿ ಪರಿವರ್ತಿಸುತ್ತಾರೆ. ಬಂಡವಾಳ 5.10 ಕೋಟಿಯಾಗುತ್ತದೆ. ಒಂದು ರೂಪಾಯಿಯ ಹೆಚ್ಚುವರಿ ವ್ಯಾಪಾರವೂ ಆಗದೆ ಕಂಪನಿ ಎಕ್ಸ್‌ಬಿಆರ್‌ಎಲ್ ವ್ಯಾಪ್ತಿಗೆ ಬಂದಿತು. ಬೋನಸ್ ಷೇರು ನೀಡಿದಾಗಲೂ ಹೀಗೆಯೇ ಆಗಬಹುದು.

ಎರಡನೆಯದಾಗಿ, ಒಮ್ಮೆ ಈ ನಿಯಮದಡಿ ತಃಖ್ತೆ ಸಲ್ಲಿಸಿದ ಕಂಪನಿಯು, ಮುಂದಿನ ವರ್ಷಗಳಲ್ಲಿ ಮಿತಿಗಿಂತ ಕೆಳಗಿಳಿದರೂ ಇದೇ ರೂಪದಲ್ಲಿ ಸಲ್ಲಿಸುತ್ತಲೇ ಇರಬೇಕು. ಒಳಗೆ ಹೋಗುವ ಬಾಗಿಲು ತೆರೆದಿದೆ. ಹೊರಬರುವ ಬಾಗಿಲು ಇಲ್ಲ. ಆದ್ದರಿಂದ ಬಂಡವಾಳ ಹೆಚ್ಚಿಸುವ ನಿರ್ಣಯ ಕೈಗೊಳ್ಳುವ ಮೊದಲೇ ಇದರ ಖರ್ಚು ಮತ್ತು ಶ್ರಮವನ್ನು ಲೆಕ್ಕ ಹಾಕುವುದು ವಿವೇಕ.

ಒಂದು ಅಂಕಿಯ ಐದು ಗುರುತುಗಳು

ಕಂಪನಿಗಳ ಗುರುತಿನ ಸಂಖ್ಯೆಯಾದ ‘ಸಿಐಎನ್’ ಎಲ್ಲ ನಿರ್ದೇಶಕರಿಗೂ ಪರಿಚಿತ. ಅದರಲ್ಲಿ 21 ಅಕ್ಷರಾಂಕಗಳಿರುತ್ತವೆ. ಮೊದಲ ಅಕ್ಷರವು ಕಂಪನಿ ಷೇರುಪೇಟೆಯಲ್ಲಿ ನೋಂದಾಯಿತವೇ ಎಂಬುದನ್ನೂ, ಮುಂದಿನ ಐದು ಅಂಕಿಗಳು ಉದ್ಯಮದ ವರ್ಗವನ್ನೂ, ಎರಡು ಅಕ್ಷರಗಳು ರಾಜ್ಯವನ್ನೂ, ನಾಲ್ಕು ಅಂಕಿಗಳು ಸ್ಥಾಪನೆಯ ವರ್ಷವನ್ನೂ, ಮೂರು ಅಕ್ಷರಗಳು ಕಂಪನಿಯ ಬಗೆಯನ್ನೂ, ಕೊನೆಯ ಆರು ಅಂಕಿಗಳು ನೋಂದಣಿ ಸಂಖ್ಯೆಯನ್ನೂ ಸೂಚಿಸುತ್ತವೆ. ಯಂತ್ರವು ಅದನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲದು. ಏಕೆಂದರೆ ಯಾವ ಸ್ಥಾನದಲ್ಲಿ ಏನಿರಬೇಕೆಂಬುದು ಮೊದಲೇ ನಿಶ್ಚಯವಾಗಿದೆ. ಎಕ್ಸ್‌ಬಿಆರ್‌ಎಲ್ ಇದೇ ಶಿಸ್ತನ್ನು ತಃಖ್ತೆಯ ಪ್ರತಿ ಅಂಕಿಗೂ ವಿಸ್ತರಿಸುತ್ತದೆ. ಮೇಲಿನ 6,84,25,000 ಎಂಬ ಸಂಖ್ಯೆಯೊಡನೆ ಐದು ಸಂಗತಿಗಳು ಸೇರಬೇಕು.

ಒಂದು, ಅದು ಏನು ಎಂಬುದು: ಟ್ರೇಡ್ ರಿಸೀವಬಲ್ಸ್ ಎಂಬ ಅಂಶದ ಹೆಸರು.

ಎರಡು, ಅದು ಯಾರದು ಎಂಬುದು: ಕಂಪನಿಯ ಸಿಐಎನ್.

ಮೂರು, ಅದು ಯಾವಾಗಿನದು ಎಂಬುದು. ಅಡಾವೆ ಪತ್ರಿಕೆಯ ಅಂಕಿಯಾದರೆ ಮಾರ್ಚ್ 31 ಎಂಬ ಒಂದು ದಿನ. ಲಾಭ-ನಷ್ಟ ತಃಖ್ತೆಯ ಅಂಕಿಯಾದರೆ ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಅವಧಿ.

ನಾಲ್ಕು, ಅದರ ಮಾನ: ರೂಪಾಯಿ, ಷೇರುಗಳ ಸಂಖ್ಯೆ, ಅಥವಾ ಅನುಪಾತದಂತಹ ಬರಿಯ ಸಂಖ್ಯೆ.

ಐದು, ಅದರ ನಿಖರತೆ: ಎಷ್ಟರ ಮಟ್ಟಿಗೆ ಪೂರ್ಣಾಂಕಗೊಳಿಸಲಾಗಿದೆ ಎಂಬುದು.

ಅಂಶಗಳ ಹೆಸರುಗಳೆಲ್ಲವನ್ನೂ ಒಳಗೊಂಡ ಅಧಿಕೃತ ಕೋಶಕ್ಕೆ ‘ಟ್ಯಾಕ್ಸಾನಮಿ’ ಎನ್ನುತ್ತಾರೆ. ಒಂದು ಕಂಪನಿಯ ಒಂದು ವರ್ಷದ ಅಂಕಿಗಳನ್ನು ಈ ಕೋಶದಂತೆ ಗುರುತಿಸಿ ಸಿದ್ಧಪಡಿಸಿದ ಕಡತವೇ ‘ಇನ್‌ಸ್ಟೆನ್ಸ್ ಡಾಕ್ಯುಮೆಂಟ್’. ಮೊದಲನೆಯದು ಎಲ್ಲರಿಗೂ ಒಂದೇ. ಎರಡನೆಯದು ಪ್ರತಿ ಕಂಪನಿಗೂ ಬೇರೆ. ಟ್ಯಾಕ್ಸಾನಮಿಯು ಬರಿಯ ಪದಗಳ ಪಟ್ಟಿಯಲ್ಲ. ಪ್ರತಿ ಅಂಶದ ಅರ್ಥವೇನು, ಯಾವ ಕಾನೂನಿನ ಯಾವ ಭಾಗ ಅದಕ್ಕೆ ಆಧಾರ, ಅದು ಡೆಬಿಟ್ ಸ್ವಭಾವದ್ದೋ ಕ್ರೆಡಿಟ್ ಸ್ವಭಾವದ್ದೋ, ಯಾವ ಅಂಶಗಳನ್ನು ಕೂಡಿದರೆ ಯಾವ ಮೊತ್ತ ಬರಬೇಕು ಎಂಬ ಸಂಬಂಧಗಳೂ ಅದರಲ್ಲಿ ಅಡಕವಾಗಿವೆ. ಅಂಶದ ಹೆಸರಿಗೆ ಯಾವ ಭಾಷೆಯ ಶೀರ್ಷಿಕೆಯನ್ನಾದರೂ ಜೋಡಿಸಲು ಈ ಪದ್ಧತಿಯಲ್ಲಿ ಅವಕಾಶವಿದೆ. ಅಂದರೆ ‘ಉದ್ರಿ’ ಎಂದು ಓದಿದರೂ ‘ಋಣಿಗಳು’ ಎಂದು ಓದಿದರೂ ಒಳಗಿನ ಟ್ಯಾಗ್ ಒಂದೇ ಆಗಿರಲು ಸಾಧ್ಯ.

ಅಮೆರಿಕದಲ್ಲಿ ಕಂಪನಿಗಳು ಅಗತ್ಯ ಬಿದ್ದಾಗ ತಮ್ಮದೇ ಹೊಸ ಅಂಶಗಳನ್ನು ಸೇರಿಸಿಕೊಳ್ಳಬಹುದು. ನಮ್ಮ ಸಚಿವಾಲಯದ ಪದ್ಧತಿಯಲ್ಲಿ ಅದಕ್ಕೆ ಅವಕಾಶವಿಲ್ಲ. ಕೋಶದಲ್ಲಿ ತಕ್ಕ ಅಂಶ ದೊರೆಯದಿದ್ದರೆ ‘ಇತರೆ’ ಎಂಬ ಅಂಶದಡಿ ಸೇರಿಸಿ, ಅಡಿಟಿಪ್ಪಣಿಯಲ್ಲಿ ವಿವರಿಸಬೇಕು. ಇದರಿಂದ ಕಂಪನಿಗಳ ನಡುವಣ ಹೋಲಿಕೆ ಸುಲಭವಾಗುತ್ತದೆ. ಆದರೆ ‘ಇತರೆ’ ಎಂಬ ಚೀಲಕ್ಕೆ ಕಂಡದ್ದನ್ನೆಲ್ಲ ತುಂಬುವ ಪ್ರಲೋಭನೆಯೂ ಉಂಟಾಗುತ್ತದೆ.

ವರ್ತಕರಿಗೆ ಪರಿಚಿತ ತತ್ವ

ಈ ತತ್ವ ಸಣ್ಣ ವರ್ತಕರಿಗೆ ತೀರ ಹೊಸದೇನಲ್ಲ. ಸರಕು ಮತ್ತು ಸೇವಾ ತೆರಿಗೆಯ ಇ-ಇನ್‌ವಾಯ್ಸ್ ಇದರ ಸಮೀಪದ ಬಂಧು. 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ ಆರಂಭವಾದ ಈ ವ್ಯವಸ್ಥೆಯ ಮಿತಿಯು ಹಂತಹಂತವಾಗಿ ಇಳಿದು, 2023ರ ಆಗಸ್ಟ್ 1ರಂದು 5 ಕೋಟಿಗೆ ಬಂದಿತು. ಅಲ್ಲಿಯೂ ಬಿಲ್ಲಿನ ಪ್ರತಿ ವಿವರಕ್ಕೆ, ಅಂದರೆ ಮಾರಿದವರ ಸಂಖ್ಯೆ, ಕೊಂಡವರ ಸಂಖ್ಯೆ, ಎಚ್‌ಎಸ್‌ಎನ್ ಸಂಕೇತ, ಅಳತೆಯ ಮಾನ, ತೆರಿಗೆಯ ದರ ಇವುಗಳಿಗೆ, ನಿಗದಿತ ಸ್ಥಾನವೂ ಹೆಸರೂ ಇವೆ. ಕಡತದ ಭಾಷೆ ಬೇರೆಯಾದರೂ ವಿಚಾರ ಒಂದೇ: ಒಮ್ಮೆ ಸರಿಯಾಗಿ ಗುರುತಿಸಿದ ಅಂಕಿಯನ್ನು ಮತ್ತೆ ಯಾರೂ ಕೈಯಿಂದ ತುಂಬಬೇಕಾಗಿಲ್ಲ.

ಎಚ್‌ಎಸ್‌ಎನ್ ಸಂಕೇತ ತಪ್ಪಿದರೆ ತೆರಿಗೆಯ ದರ ತಪ್ಪುತ್ತದೆಂಬುದನ್ನು ವರ್ತಕರು ಅನುಭವದಿಂದ ಬಲ್ಲರು. ಟ್ಯಾಗ್ ತಪ್ಪಿದರೆ ಕಂಪನಿಯ ಆರ್ಥಿಕ ಚಿತ್ರವೇ ತಪ್ಪುತ್ತದೆ.

ತಪ್ಪು ಟ್ಯಾಗಿನ ಬೆಲೆ

ಮೇಲೆ ಕಲ್ಪಿಸಿದ ಪೀಣ್ಯದ ಕಂಪನಿಯ ಚಾಲ್ತಿ ಆಸ್ತಿಗಳು ಹೀಗಿವೆ ಎಂದಿಟ್ಟುಕೊಳ್ಳೋಣ:

ದಾಸ್ತಾನು: 4,80,00,000 ರೂಪಾಯಿ
ಗಿರಾಕಿಗಳ ಬಾಕಿ: 6,84,25,000 ರೂಪಾಯಿ
ನಗದು ಮತ್ತು ಬ್ಯಾಂಕ್ ಶಿಲ್ಕು: 35,75,000 ರೂಪಾಯಿ
ಒಟ್ಟು: 12,00,00,000 ರೂಪಾಯಿ

ಚಾಲ್ತಿ ಹೊಣೆಗಳು 9 ಕೋಟಿ ರೂಪಾಯಿ. ಚಾಲ್ತಿ ಅನುಪಾತ 1.33. ರಿಸರ್ವ್ ಬ್ಯಾಂಕ್ 1974ರಲ್ಲಿ ನೇಮಿಸಿದ ಟಂಡನ್ ಸಮಿತಿಯ ಎರಡನೆಯ ವಿಧಾನದ ಪ್ರಕಾರ, ಚಾಲ್ತಿ ಆಸ್ತಿಗಳ ಶೇಕಡಾ 25ರಷ್ಟನ್ನು ಉದ್ಯಮಿಯು ದೀರ್ಘಾವಧಿ ಮೂಲಗಳಿಂದ ತರಬೇಕು. ಆ ಲೆಕ್ಕದಿಂದಲೇ 1.33 ಎಂಬ ಮಟ್ಟ ಬಂದಿದೆ. ದುಡಿಯುವ ಬಂಡವಾಳದ ಸಾಲ ಕೇಳುವವರಿಗೆ ಈ ಸಂಖ್ಯೆ ಹೊಸದಲ್ಲ.

ಮೊದಲ ತಪ್ಪು. ಕಂಪನಿಯು ಹೊಸ ಯಂತ್ರಕ್ಕಾಗಿ 1.50 ಕೋಟಿ ರೂಪಾಯಿ ಮುಂಗಡ ಕೊಟ್ಟಿದೆ. ಇದು ಬಂಡವಾಳ ಸ್ವರೂಪದ ಮುಂಗಡ. ದೀರ್ಘಾವಧಿ ಆಸ್ತಿಗಳ ಗುಂಪಿಗೆ ಸೇರಬೇಕು. ‘ಮುಂಗಡ’ ಎಂಬ ಪದವನ್ನಷ್ಟೇ ನೋಡಿ ಅದನ್ನು ಅಲ್ಪಾವಧಿ ಮುಂಗಡಗಳ ಟ್ಯಾಗಿಗೆ ಹಾಕಿದರೆ, ಚಾಲ್ತಿ ಆಸ್ತಿ 13.50 ಕೋಟಿಯಾಗಿ ಅನುಪಾತ 1.50ಕ್ಕೆ ಏರುತ್ತದೆ. ಇಲ್ಲದ ಬಲವನ್ನು ಕಂಪನಿ ತೋರಿಸಿದಂತಾಯಿತು.

ಎರಡನೆಯ ತಪ್ಪು. ನಿರ್ದೇಶಕರಿಂದ ಪಡೆದ, ಐದು ವರ್ಷಗಳ ನಂತರ ತೀರಿಸಬೇಕಾದ 1.50 ಕೋಟಿಯ ಮತ್ತೊಂದು ಸಾಲವಿದೆ. ಅದನ್ನು ಅಲ್ಪಾವಧಿ ಸಾಲವೆಂದು ಗುರುತಿಸಿದರೆ ಚಾಲ್ತಿ ಹೊಣೆ 10.50 ಕೋಟಿಯಾಗಿ ಅನುಪಾತ 1.14ಕ್ಕೆ ಕುಸಿಯುತ್ತದೆ. ತನ್ನ ಕಾಲ ಮೇಲೆ ತಾನೇ ಚಪ್ಪಡಿ ಎಳೆದುಕೊಂಡಂತೆ, ಕಂಪನಿ ತನ್ನ ಸಾಲಾರ್ಹತೆಯನ್ನು ತಾನೇ ಕುಗ್ಗಿಸಿಕೊಂಡಿತು.

ಎರಡೂ ತಪ್ಪುಗಳಲ್ಲಿ ಅಡಾವೆ ಪತ್ರಿಕೆಯ ಒಟ್ಟು ಮೊತ್ತ ಬದಲಾಗುವುದಿಲ್ಲ. ಉಪಮೊತ್ತಗಳನ್ನೂ ತಪ್ಪಿಗೆ ತಕ್ಕಂತೆ ತುಂಬಿದರೆ ಕೂಡುಲೆಕ್ಕ ತಾಳೆಯಾಗುತ್ತದೆ. ಸಚಿವಾಲಯ ಒದಗಿಸಿರುವ ಪರಿಶೀಲನಾ ತಂತ್ರಾಂಶವು ಕಡ್ಡಾಯ ಅಂಶಗಳು ಬಿಟ್ಟುಹೋಗಿವೆಯೇ, ಮೊತ್ತಗಳು ಕೂಡುತ್ತವೆಯೇ, ದಿನಾಂಕಗಳು ಸರಿಯೇ ಎಂಬುದನ್ನು ನೋಡುತ್ತದೆ. ಮುಂಗಡವು ಯಾವ ಸ್ವರೂಪದ್ದು, ಸಾಲ ಯಾವಾಗ ತೀರಬೇಕು ಎಂಬುದು ಅದಕ್ಕೆ ಗೊತ್ತಿಲ್ಲ. ಅದನ್ನು ಬಲ್ಲವರು ಕಂಪನಿಯ ಲೆಕ್ಕಿಗರು ಮತ್ತು ನಿರ್ದೇಶಕರು ಮಾತ್ರ. ತಂತ್ರಾಂಶ ‘ಸರಿಯಿದೆ’ ಎಂದ ಮಾತ್ರಕ್ಕೆ ತಃಖ್ತೆ ಸರಿಯಾಯಿತೆಂದು ತಿಳಿಯುವುದು ದೊಡ್ಡ ಭ್ರಮೆ.

ಪದೇಪದೇ ಕಂಡುಬರುವ ದೋಷಗಳು

ಪ್ರಮಾಣದ ದೋಷ: ಅಚ್ಚಾದ ತಃಖ್ತೆಯಲ್ಲಿ ಅಂಕಿಗಳು ಲಕ್ಷಗಳಲ್ಲಿರುತ್ತವೆ, 684.25 ಎಂದಿರುತ್ತದೆ. ಕಡತದಲ್ಲಿ ಅದರ ಪೂರ್ಣ ಮೌಲ್ಯವಾದ 68425000 ಇರಬೇಕು. ನಿಖರತೆಯನ್ನು ‘ಡೆಸಿಮಲ್ಸ್’ ಎಂಬ ಗುಣದಲ್ಲಿ ಪ್ರತ್ಯೇಕವಾಗಿ ಸೂಚಿಸಲಾಗುತ್ತದೆ. ಲಕ್ಷದ ಎರಡು ದಶಮಾಂಶದವರೆಗೆ, ಅಂದರೆ ಸಾವಿರ ರೂಪಾಯಿಯವರೆಗೆ ನಿಖರವಾದ ಈ ಅಂಕಿಗೆ ಅದು ಋಣ 3 ಆಗುತ್ತದೆ. ಲಕ್ಷದ ಅಂಕಿಯನ್ನು ಹಾಗೆಯೇ ತುಂಬಿದರೆ ಆರು ಕೋಟಿಯ ಬಾಕಿ 684 ರೂಪಾಯಿ 25 ಪೈಸೆಯಾಗಿ ದಾಖಲಾಗುತ್ತದೆ.

ಚಿಹ್ನೆಯ ದೋಷ: ನಗದು ಹರಿವಿನ ತಃಖ್ತೆಯಲ್ಲಿ ಯಂತ್ರ ಖರೀದಿಗೆ ಹೋದ ಹಣವನ್ನು ಆವರಣದೊಳಗೆ ಅಚ್ಚು ಮಾಡುವುದು ರೂಢಿ. ಆದರೆ ‘ಯಂತ್ರ ಖರೀದಿಗೆ ಪಾವತಿಸಿದ ಹಣ’ ಎಂದು ಅರ್ಥ ಕೊಡುವ ಅಂಶದ ಹೆಸರಿನಲ್ಲಿಯೇ ಹೊರಹರಿವು ಅಡಗಿದೆ. ಅಲ್ಲಿ ಧನ ಸಂಖ್ಯೆಯನ್ನೇ ತುಂಬಬೇಕು. ಆವರಣವನ್ನು ನೋಡಿ ಋಣ ಚಿಹ್ನೆ ಹಾಕಿದರೆ ಹಣ ಹೋದದ್ದಲ್ಲ, ಬಂದದ್ದೆಂದು ಅರ್ಥವಾಗುತ್ತದೆ.

ವರ್ಷದ ದೋಷ: ಹಿಂದಿನ ವರ್ಷದ ಕಡತವನ್ನು ನಕಲು ಮಾಡಿ ಅಂಕಿಗಳನ್ನು ಬದಲಿಸುವಾಗ, ಕೆಲವು ಅಂಶಗಳಿಗೆ ಹಳೆಯ ದಿನಾಂಕವೇ ಉಳಿದುಬಿಡುತ್ತದೆ. ಹಿಂದಿನ ವರ್ಷದ ಅಂಕಿಗಳನ್ನು ಮರುವರ್ಗೀಕರಿಸಿದ್ದರೆ ಗೊಂದಲ ಇಮ್ಮಡಿಯಾಗುತ್ತದೆ.

ಹಳೆಯ ವರ್ಗೀಕರಣದ ದೋಷ: 2021ರ ಮಾರ್ಚಿನಲ್ಲಿ 3ನೇ ಷೆಡ್ಯೂಲಿಗೆ ತಿದ್ದುಪಡಿಯಾಗಿ 2021ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರಂತೆ ದೀರ್ಘಾವಧಿ ಸಾಲದಲ್ಲಿ ಮುಂದಿನ ಒಂದು ವರ್ಷದೊಳಗೆ ತೀರಿಸಬೇಕಾದ ಕಂತುಗಳನ್ನು ಅಲ್ಪಾವಧಿ ಸಾಲಗಳ ಅಡಿಯಲ್ಲಿ ಪ್ರತ್ಯೇಕವಾಗಿ ತೋರಿಸಬೇಕು. ಮೊದಲು ಇವು ‘ಇತರೆ ಚಾಲ್ತಿ ಹೊಣೆ’ಗಳ ಅಡಿಯಲ್ಲಿದ್ದವು. ಹಳೆಯ ಪಟ್ಟಿಯನ್ನೇ ಅನುಸರಿಸುವವರು ಇಲ್ಲಿ ತಪ್ಪುತ್ತಾರೆ.

ಟಿಪ್ಪಣಿಯ ದೋಷ: ಲೆಕ್ಕ ನೀತಿ, ಲೆಕ್ಕಪರಿಶೋಧಕರ ವರದಿ, ನಿರ್ದೇಶಕರ ವರದಿ ಮುಂತಾದ ಪಠ್ಯ ಭಾಗಗಳಿಗೂ ಟ್ಯಾಗ್‌ಗಳಿವೆ. ಅಂಕಿಗಳಿಗೆ ಕೊಡುವ ಗಮನವನ್ನು ಪಠ್ಯಕ್ಕೆ ಕೊಡದೆ, ಅರ್ಧ ವಾಕ್ಯವನ್ನು ಬಿಟ್ಟು ಅಂಟಿಸಿದ ಉದಾಹರಣೆಗಳು ಕಡಿಮೆಯಲ್ಲ. ಲೆಕ್ಕಪರಿಶೋಧಕರು ಹಾಕಿದ ಷರತ್ತಿನ ಮಾತು ಹೀಗೆ ಬಿಟ್ಟುಹೋದರೆ ಅದನ್ನು ಕೈತಪ್ಪೆಂದು ನಂಬಿಸುವುದು ಕಷ್ಟ.

ಕೆಲಸದ ಕ್ರಮ

ತಃಖ್ತೆ ಸಿದ್ಧವಾಗಿ, ವಾರ್ಷಿಕ ಮಹಾಸಭೆ ಮುಗಿದ ನಂತರ ಟ್ಯಾಗ್‌ಗಳ ಯೋಚನೆ ಮಾಡುವುದು ಸಾಮಾನ್ಯ ರೂಢಿ. ಕ್ರಮವನ್ನು ತಿರುಗಿಸಿದರೆ ಶ್ರಮ ಕಡಿಮೆಯಾಗುತ್ತದೆ.

1. ಹಣಕಾಸು ವರ್ಷದ ಆರಂಭದಲ್ಲಿಯೇ ತಾಳೆಪಟ್ಟಿಯ ಪ್ರತಿ ಖಾತೆಯ ಎದುರಿಗೆ 3ನೇ ಷೆಡ್ಯೂಲಿನ ಶೀರ್ಷಿಕೆಯನ್ನೂ ಟ್ಯಾಕ್ಸಾನಮಿಯ ಅಂಶವನ್ನೂ ಬರೆದ ಪಟ್ಟಿಯೊಂದನ್ನು ಸಿದ್ಧಪಡಿಸತಕ್ಕದ್ದು.
2. ‘ಮುಂಗಡಗಳು’ ಎಂಬ ಒಂದೇ ಖಾತೆಯಲ್ಲಿ ಸಿಬ್ಬಂದಿ ಮುಂಗಡ, ಕಚ್ಚಾಮಾಲಿನ ಮುಂಗಡ, ಯಂತ್ರದ ಮುಂಗಡ ಎಲ್ಲವನ್ನೂ ಸೇರಿಸಿದ್ದರೆ, ಅದನ್ನು ಮೂರು ಖಾತೆಗಳಾಗಿ ಒಡೆಯಬೇಕು. ಖಾತೆ ಸ್ಪಷ್ಟವಿದ್ದರೆ ಟ್ಯಾಗ್ ತಾನಾಗಿ ಸ್ಪಷ್ಟವಾಗುತ್ತದೆ.
3. ‘ಇತರೆ’ ಎಂಬ ಟ್ಯಾಗಿಗೆ ಹೋದ ಪ್ರತಿ ಖಾತೆಗೂ ಕಾರಣವನ್ನು ಬರೆದಿಡಬೇಕು.
4. ಕಂಪನಿಗೆ ಅನ್ವಯಿಸುವ ಟ್ಯಾಕ್ಸಾನಮಿ ಯಾವುದೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಇಂಡ್ ಎಎಸ್ ಅನುಸರಿಸುವವರಿಗೂ ಇತರ ವಾಣಿಜ್ಯ-ಕೈಗಾರಿಕಾ ಕಂಪನಿಗಳಿಗೂ ಬೇರೆಬೇರೆ ಕೋಶಗಳಿವೆ.
5. ಅಧೀನ ಕಂಪನಿಗಳಿದ್ದರೆ ಸ್ವಂತ ತಃಖ್ತೆಗೂ ಸಂಯೋಜಿತ ತಃಖ್ತೆಗೂ ಪ್ರತ್ಯೇಕ ಕಡತ ಬೇಕು.
6. ಕಡತ ಸಿದ್ಧವಾದ ಮೇಲೆ ಪರಿಶೀಲನಾ ತಂತ್ರಾಂಶದಲ್ಲಿ ಹಾಯಿಸಿ, ಓದಬಲ್ಲ ರೂಪಕ್ಕೆ ಪರಿವರ್ತಿಸಿ, ಮಂಡಳಿ ಅಂಗೀಕರಿಸಿದ ಮೂಲ ತಃಖ್ತೆಯೊಡನೆ ಸಾಲುಸಾಲಾಗಿ ಹೋಲಿಸಬೇಕು. ಕಡತ ಸಿದ್ಧಪಡಿಸಿದವರೇ ಹೋಲಿಸಬಾರದು. ಒಬ್ಬರು ಓದಿ ಇನ್ನೊಬ್ಬರು ಗುರುತು ಹಾಕುವ ಹಳೆಯ ಕಿರ್ದಿ-ಖಾತೆ ತಾಳೆಯ ಪದ್ಧತಿಯೇ ಇಲ್ಲಿಯೂ ಉತ್ತಮ.
7. ಕೊನೆಯದಾಗಿ ನಿರ್ದೇಶಕರ ಡಿಜಿಟಲ್ ಸಹಿ ಮತ್ತು ವೃತ್ತಿನಿರತ ಲೆಕ್ಕಪರಿಶೋಧಕರ, ವೆಚ್ಚ ಲೆಕ್ಕಿಗರ ಅಥವಾ ಕಂಪನಿ ಕಾರ್ಯದರ್ಶಿಗಳ ಪ್ರಮಾಣೀಕರಣದೊಡನೆ ಸಲ್ಲಿಸಬೇಕು.

ಕಾಯ್ದೆಯ 137ನೇ ಪ್ರಕರಣದಂತೆ ಮಹಾಸಭೆಯ ನಂತರ 30 ದಿನಗಳೊಳಗೆ ತಃಖ್ತೆಗಳು ಸಲ್ಲಿಕೆಯಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಹೆಚ್ಚುವರಿ ಶುಲ್ಕ ಬೀಳುತ್ತದೆ. ದಂಡದ ಅವಕಾಶ ಪ್ರತ್ಯೇಕವಾಗಿದೆ. ಸಲ್ಲಿಸಿದ ದಾಖಲೆಯಲ್ಲಿ ತಿಳಿದೂ ಸುಳ್ಳು ಹೇಳಿಕೆ ನೀಡಿದರೆ 448ನೇ ಪ್ರಕರಣದಡಿ ಅದು ವಂಚನೆಗೆ ಸಮನಾದ ಶಿಕ್ಷೆಗೆ ಗುರಿಪಡಿಸುತ್ತದೆ. ಹೊರಗಿನ ಸಂಸ್ಥೆಯೊಂದು ಟ್ಯಾಗ್ ಅಂಟಿಸಿತೆಂಬುದು ನಿರ್ದೇಶಕರನ್ನು ಹೊಣೆಯಿಂದ ಬಿಡಿಸದು. ಆ ಸಂಸ್ಥೆಗೆ ಕಾಣುವುದು ಅಚ್ಚಾದ ತಃಖ್ತೆಯ ಶೀರ್ಷಿಕೆಗಳು ಮಾತ್ರ. ಅವುಗಳ ಹಿಂದಿನ ವ್ಯವಹಾರವಲ್ಲ.

ವ್ಯಾಪ್ತಿಗೆ ಬಾರದವರಿಗೆ ಪ್ರಯೋಜನವೇನು?

ಸಣ್ಣ ತಯಾರಕರಲ್ಲಿ ಬಹುಪಾಲು ಜನರು ಈ ನಿಯಮದ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಅವರ ಸರಕು ಕೊಳ್ಳುವ ದೊಡ್ಡ ಕಂಪನಿಗಳು ಬರುತ್ತವೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಹಾಗೂ ಸಣ್ಣ ಉದ್ಯಮಗಳಿಗೆ ಪಾವತಿಯ ಅವಧಿಯನ್ನು ಲಿಖಿತ ಒಪ್ಪಂದದಿಂದಲೂ 45 ದಿನಗಳಿಗಿಂತ ಹೆಚ್ಚು ವಿಸ್ತರಿಸುವಂತಿಲ್ಲ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ ಮಾಸಿಕ ಚಕ್ರಬಡ್ಡಿ ಕೊಡಬೇಕು. ಮತ್ತು ಕೊಳ್ಳುವ ಕಂಪನಿಯು ಈ ಬಾಕಿಯನ್ನೂ ಬಡ್ಡಿಯನ್ನೂ ತನ್ನ ವಾರ್ಷಿಕ ಲೆಕ್ಕಪತ್ರದಲ್ಲಿ ಪ್ರಕಟಿಸಬೇಕು. 2021ರ ತಿದ್ದುಪಡಿಯ ನಂತರ 3ನೇ ಷೆಡ್ಯೂಲಿನಂತೆ ಈ ಬಾಕಿ ಎಷ್ಟು ಹಳೆಯದೆಂಬ ವಯೋವಾರು ವಿವರವನ್ನೂ, ವಿವಾದದಲ್ಲಿರುವ ಬಾಕಿಯನ್ನೂ ಬೇರೆಯಾಗಿ ತೋರಿಸಬೇಕಾಗಿದೆ.

ರಿಜಿಸ್ಟ್ರಾರರಲ್ಲಿರುವ ಈ ದಾಖಲೆಗಳನ್ನು ನಿಗದಿತ ಶುಲ್ಕ ತೆತ್ತು ಯಾರಾದರೂ ಪರಿಶೀಲಿಸಬಹುದು. ಹೊಸ ಗಿರಾಕಿಗೆ 60 ಅಥವಾ 90 ದಿನಗಳ ಉದ್ರಿಯ ಮೇಲೆ ಸರಕು ಕೊಡುವ ಮೊದಲು ಆ ಕಂಪನಿಯು ಸಣ್ಣ ಉದ್ಯಮಗಳಿಗೆ ಎಷ್ಟು ಬಾಕಿ ಉಳಿಸಿಕೊಂಡಿದೆ, ಎಷ್ಟು ಕಾಲದಿಂದ ಉಳಿಸಿಕೊಂಡಿದೆ ಎಂಬುದನ್ನು ನೋಡಿಕೊಳ್ಳುವುದು ಸಾಧ್ಯ. ಎಲ್ಲರ ಅಂಕಿಗಳೂ ಒಂದೇ ಹೆಸರಿನಡಿ ಇರುವುದರಿಂದ ಇಬ್ಬರು ಗಿರಾಕಿಗಳನ್ನು ಹೋಲಿಸುವುದೂ ಸುಲಭ. ಮಾರುಕಟ್ಟೆಯಲ್ಲಿ ಬಾಯಿಂದ ಬಾಯಿಗೆ ಹರಡುತ್ತಿದ್ದ ‘ಪಾರ್ಟಿ ಹೇಗೆ?’ ಎಂಬ ವಿಚಾರಣೆಗೆ ಹೀಗೆ ಒಂದು ಲಿಖಿತ ಆಧಾರ ದೊರೆಯುತ್ತದೆ.

ಅಭ್ಯಾಸ

1. ಒಂದು ಖಾಸಗಿ ಕಂಪನಿಯ ಪಾವತಿಯಾದ ಬಂಡವಾಳ 4.95 ಕೋಟಿ, ವಹಿವಾಟು 104 ಕೋಟಿ ರೂಪಾಯಿ. ನಿಯಮ ಅನ್ವಯಿಸುವುದೇ?
ಉತ್ತರ: ಅನ್ವಯಿಸುತ್ತದೆ. ವಹಿವಾಟಿನ ಮಿತಿಯೊಂದೇ ಸಾಕು.

2. ಪಾಲುದಾರಿಕೆ ಸಂಸ್ಥೆಯ ವಹಿವಾಟು 150 ಕೋಟಿ ರೂಪಾಯಿ. ನಿಯಮ ಅನ್ವಯಿಸುವುದೇ?
ಉತ್ತರ: ಇಲ್ಲ, ಅದು ಕಂಪನಿಯಲ್ಲ.

3. ಕಳೆದ ವರ್ಷ 110 ಕೋಟಿ ವಹಿವಾಟಿನ ಕಾರಣದಿಂದ ಈ ರೂಪದಲ್ಲಿ ಸಲ್ಲಿಸಿದ ಕಂಪನಿಯ ವಹಿವಾಟು ಈ ವರ್ಷ 80 ಕೋಟಿ. ಬಂಡವಾಳ 3 ಕೋಟಿ. ಈ ವರ್ಷ ಬಿಡಬಹುದೇ?
ಉತ್ತರ: ಬಿಡುವಂತಿಲ್ಲ, ಮುಂದುವರಿಸಬೇಕು.

4. ಒಂದು ವರ್ಷದೊಳಗೆ ತೀರಿಸಬೇಕಾದ ಅವಧಿ ಸಾಲದ ಕಂತು 60 ಲಕ್ಷ ರೂಪಾಯಿ. ಇದು ಯಾವ ಗುಂಪಿಗೆ ಸೇರುತ್ತದೆ?
ಉತ್ತರ: ಅಲ್ಪಾವಧಿ ಸಾಲಗಳ ಅಡಿಯಲ್ಲಿ, ಪ್ರತ್ಯೇಕ ಸಾಲಿನಲ್ಲಿ.

5. ಯಂತ್ರ ಖರೀದಿಗೆ ಪಾವತಿಸಿದ 75,00,000 ರೂಪಾಯಿ ನಗದು ಹರಿವಿನ ತಃಖ್ತೆಯಲ್ಲಿ ಆವರಣದೊಳಗಿದೆ. ಅಂಶದ ಅರ್ಥವೇ ‘ಪಾವತಿ’ ಎಂದಿದ್ದರೆ ಕಡತದಲ್ಲಿ ಯಾವ ಚಿಹ್ನೆ?
ಉತ್ತರ: ಧನ ಚಿಹ್ನೆ.

ಉಪಸಂಹಾರ

ಹಿಂದೆ ಅಂಗಡಿಯ ಯಜಮಾನರು ರಾತ್ರಿ ಬಾಗಿಲು ಹಾಕುವ ಮೊದಲು ಗುಮಾಸ್ತರ ಕಿರ್ದಿಯ ಮೇಲೆ ಕಣ್ಣಾಡಿಸಿ, ಒಂದು ರಕಮಿಗೆ ಬೆರಳಿಟ್ಟು ‘ಇದು ಯಾವುದು?’ ಎಂದು ಕೇಳುತ್ತಿದ್ದರು. ಆ ಪ್ರಶ್ನೆಗೆ ಉತ್ತರ ಸಿಗದ ಹೊರತು ಪುಸ್ತಕ ಮುಚ್ಚುತ್ತಿರಲಿಲ್ಲ. ಎಕ್ಸ್‌ಬಿಆರ್‌ಎಲ್ ಕೇಳುವುದೂ ಅದೇ ಪ್ರಶ್ನೆಯನ್ನು, ತಃಖ್ತೆಯ ಪ್ರತಿ ಅಂಕಿಯ ಬಗೆಗೂ. ಉತ್ತರವನ್ನು ಬರೆಯುವ ಕೈ ಹೊರಗಿನವರದಾಗಿರಬಹುದು. ಉತ್ತರವನ್ನು ಬಲ್ಲವರು ಕಂಪನಿಯೊಳಗಿನವರೇ. ಆದ್ದರಿಂದ ಡಿಜಿಟಲ್ ಸಹಿ ಹಾಕುವ ಮೊದಲು ನಿರ್ದೇಶಕರು ಕಡತದ ಓದಬಲ್ಲ ಪ್ರತಿಯನ್ನು ಎದುರಿಗಿಟ್ಟುಕೊಂಡು, ಕನಿಷ್ಠ ಚಾಲ್ತಿ ಆಸ್ತಿ, ಚಾಲ್ತಿ ಹೊಣೆ, ಸಾಲಗಳು ಮತ್ತು ‘ಇತರೆ’ ಎಂಬ ನಾಲ್ಕು ಕಡೆಗಳಲ್ಲಿಯಾದರೂ ಬೆರಳಿಟ್ಟು ಆ ಹಳೆಯ ಪ್ರಶ್ನೆಯನ್ನು ಕೇಳುವುದು ಶ್ರೇಯಸ್ಕರ.